ಟೇಪು ಅಂಟಿಸಿದ ಮುಖಪುಟ

"ಇದನ್ನ ಎಲ್ಲಿಂದ ಎತ್ಕೊಂಡ್ ಬಂದ್ಯೋ ಲೊನಿ? ಇದರಲ್ಲಿ ಮೀನು ಕಟ್ಟಿ ಕೊಟ್ಟಿದ್ರಾ?"

ಹಲ್ಲಿನ ಡಾಕ್ಟರು ಹಾರ್ಲನ್ ಆ ಕಾಮಿಕ್ಸನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡು ಬೆರಳಲ್ಲಿ ಎತ್ತಿ ತೋರಿಸಿದರು. ಅಮೆರಿಕದ ಟೊಲೀಡೊ ಊರಿನ ಕಾಮಿಕ್ಸ್ ಅಂಗಡಿಯ ಹಿಂದಿನ ಕೋಣೆ ಗೊಳ್ಳೆಂದಿತು. ತಿಂಗಳಿಗೊಂದು ಶನಿವಾರ ಅಲ್ಲಿ ಮುಖಪುಟದ ಕೂಟ. ಪ್ರತಿಯೊಬ್ಬರೂ ತಮ್ಮ ಸಂಗ್ರಹದಿಂದ ಒಂದು ಕಾಮಿಕ್ಸ್ ತಂದು ಅದರ ಮುಖಪುಟದ ಚಿತ್ರದ ಬಗ್ಗೆ ಮಾತಾಡಬೇಕು. ಯಾವುದಕ್ಕೆ ಹೆಚ್ಚು ಕೈ ಎದ್ದಿತೋ ಅದು ಇಡೀ ತಿಂಗಳು ಅಂಗಡಿಯ ಮುಂದಿನ ಗಾಜಿನಲ್ಲಿ, ಬೀದಿಗೆ ಮುಖ ಮಾಡಿ ಕೂರುತ್ತದೆ. ಬೇರೆಯವರ ಕಾಮಿಕ್ಸೆಲ್ಲ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಸೀಲಾಗಿ, ಎಷ್ಟು ಹೊಸದರಂತೆ ಉಳಿದಿದೆ ಅನ್ನುವುದಕ್ಕೆ ಹತ್ತಕ್ಕೆ ಇಷ್ಟು ಅಂತ ತಲೆ ಮೇಲೆ ಅಂಕ ಹೊತ್ತಿದ್ದವು. ಸೀಲು ಒಡೆದರೆ ಅಂಕ ಹೋಯಿತು. ಲೊನಿಯದಕ್ಕೆ ಡಬ್ಬಿಯೂ ಇಲ್ಲ, ಅಂಕವೂ ಇಲ್ಲ. ಮೇಲಿಂದ ಕೆಳಗಿನವರೆಗೆ ಒಂದು ಸೀಳು, ಅದರ ಮೇಲೆ ಹಳದಿಗಟ್ಟಿದ ಟೇಪು.

"ಕೆಳಗಿಡಿ. ಚಿತ್ರ ನಾನು ತೋರಿಸ್ತೀನಿ," ಅಂದ ಲೊನಿ.

"ಚಿತ್ರ ಎಲ್ಲಪ್ಪಾ ಇದೆ? ಬರೀ ಟೇಪೇ ಕಾಣ್ತಿದೆ!"

ಮತ್ತೆ ನಗು. ಲೊನಿ ಶಾಲೆ ಬಿಟ್ಟ ದಿನ ಮಲತಂದೆ ವಾಲ್ಟ್, "ಈ ಗೊಂಬೆ ನೋಡ್ಕೊಂಡೇ ನೀನು ಕೆಟ್ಟೆ," ಅಂತ ಈ ಕಾಮಿಕ್ಸನ್ನೇ ಸೀಳಿ ಹಿತ್ತಲ ಹಿಮಕ್ಕೆ ಎಸೆದಿದ್ದ. ಎರಡು ಹೋಳನ್ನೂ ಹುಡುಕಿ ತಂದು ಅಂಟಿಸಿದವನು ಲೊನಿ. ಈಗ ಟೈರ್ ಅಂಗಡಿಯಲ್ಲಿ ದುಡಿದು ತನ್ನ ಅನ್ನ ತಾನು ತಿನ್ನುತ್ತಾನೆ. ವಾಲ್ಟ್ ಸಂಜೆ ಪಾಳಿಗೆ ಬಸ್ಸು ಹತ್ತುವುದು ಈ ಅಂಗಡಿಯ ಎದುರಿನ ನಿಲ್ದಾಣದಲ್ಲೇ, ಶನಿವಾರವೂ ತಪ್ಪದೆ. ಈ ಪುಟ ಆ ಗಾಜಿನಲ್ಲಿ ಕೂರಬೇಕು, ಅವನು ದಿನಾ ನೋಡಬೇಕು. ಲೊನಿ ಬಂದದ್ದೇ ಅದಕ್ಕೆ.

ಲೊನಿ ಡಾಕ್ಟರ ಕೈಯಿಂದ ಕಾಮಿಕ್ಸ್ ತೆಗೆದುಕೊಂಡು, ಮುಖಪುಟ ಎಲ್ಲರಿಗೂ ಕಾಣುವಂತೆ ಎದೆಗಾನಿಸಿ ಹಿಡಿದು ನಿಂತ.

"ಬೇರೆ ಹೀರೋಗಳು ಮುಷ್ಟಿ ಬಿಗಿದು ನಮ್ಮ ಮೇಲೇ ಹಾರಿ ಬರ್ತಾರೆ, ಅಲ್ವಾ? ಇದರ ಹೀರೋ ಕುಲುಮೆರಾಯ ಬೆನ್ನು ತೋರಿಸ್ತಿದಾನೆ. ಮುಖಾನೇ ಇಲ್ಲ. ಮೇಲೆ ಇವನ ಹೆಸರು ನೋಡಿ. ಒಂದೊಂದು ಅಕ್ಷರಾನೂ ಬಂಡೆ ಥರ ಬರೆದು ಇವನ ಹೆಗಲ ಮೇಲೇ ಉರುಳಿಸಿದಾನೆ ಚಿತ್ರಗಾರ. ಇವನ ಹೆಸರೇ ಇವನನ್ನ ಅಪ್ಪಚ್ಚಿ ಮಾಡ್ತಿದೆ. ಇನ್ನು ಮಂಡಿ ನೋಡಿ. ನೆಲ ಮುಟ್ಟೋಕೆ ಕೂದಲೆಳೆಯಷ್ಟು ಬಾಕಿ. ಆ ಸಂದಿಯಲ್ಲಿ ಒಂಚೂರು ಹಳದಿ ಬಳಿದಿದಾನೆ. ಇಡೀ ಪುಟದಲ್ಲಿ ಬೆಳಕು ಅಂತ ಇರೋದು ಅಲ್ಲೇ. ಇವನು ಗೆಲ್ತಾ ಇಲ್ಲ. ಮಂಡಿ ಊರ್ತಾ ಇಲ್ಲ, ಅಷ್ಟೇ."

ಅಂಗಡಿಯ ಒಡತಿ ಡಾಟಿ ಕಾಫಿ ಲೋಟ ಕೆಳಗಿಟ್ಟು ಕೈ ಎತ್ತಿದಳು. ಅವಳ ಹಿಂದೆಯೇ ಒಂದೊಂದಾಗಿ ಕೈಗಳೆದ್ದವು. ಕೊನೆಗೆ ಡಾಕ್ಟರದೂ ಎದ್ದಿತು.

"ಒಪ್ಕೊಂಡೆ ಮರಿ," ಅಂದರು ಹಾರ್ಲನ್. "ಇದೇ ಸಂಚಿಕೆ ನನ್ನ ಹತ್ರ ಎಷ್ಟು ವರ್ಷದಿಂದ ಇದೆ! ಆ ಹಳದಿ ಕಣ್ಣಿಗೆ ಬಿದ್ದಿದ್ದು ಇವತ್ತೇ. ಗೆದ್ದೆ ನೀನು." ಆಮೇಲೆ ಡಾಟಿಯ ಕಡೆ ತಿರುಗಿ, ಮಗಳ ಮದುವೆಗೆ ಒಡವೆ ಬಿಚ್ಚಿಕೊಡುವ ಧಾಟಿಯಲ್ಲಿ, "ಗಾಜಿನಲ್ಲಿ ನನ್ನ ಕಾಪಿ ಇಡೋಣ. ಗೀರಿಲ್ಲ, ಮಡಿಕೆಯಿಲ್ಲ, ಹತ್ತಕ್ಕೆ ಹತ್ತಿರದ ಅಂಕ. ಕೆಳಗೆ 'ಲೊನಿ ಕೊವಾಚ್ ಆರಿಸಿದ್ದು' ಅಂತ ಚೀಟಿ," ಅಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಡಾಕ್ಟರು ಆ ಸಂಚಿಕೆಯ ಡಬ್ಬಿಯನ್ನು ಇದುವರೆಗೆ ಮನೆಯ ಬೀರುವಿನಿಂದ ಹೊರಗೆ ತಂದವರೇ ಅಲ್ಲ. ಆ ಕೋಣೆಯಲ್ಲಿ ಅದಕ್ಕಿಂತ ದೊಡ್ಡ ಸನ್ಮಾನವಿರಲಿಲ್ಲ.

"ನನ್ನದೇ ಇಡ್ಬೇಕು," ಅಂದ ಲೊನಿ. "ಸೀಳು ಕಾಣ್ಬೇಕು."

"ಹುಚ್ಚಪ್ಪಾ!" ಅಂದರು ಹಾರ್ಲನ್. "ಕಾಣ್ಬೇಕಾಗಿರೋದು ಚಿತ್ರ ತಾನೇ? ಅದಾದ್ರೂ ಇದಾದ್ರೂ ಚಿತ್ರ ಒಂದೇ ಅಲ್ವೇನೋ?"

ಇವರ ಮುಂದೆ ವಾಲ್ಟನ ಹೆಸರೆತ್ತಿ, ಹಿಮದ ಕಥೆ ಹೇಳಿ, ಅಯ್ಯೋ ಪಾಪ ಅನ್ನಿಸಿಕೊಂಡು ಜಾಗ ಗಿಟ್ಟಿಸಬೇಕೇ? ಲೊನಿ ತನ್ನ ಕಾಮಿಕ್ಸನ್ನು ಕಂಕುಳಿಗೆ ಸಿಕ್ಕಿಸಿದ. ಜಾಕೆಟ್ಟು ಎಳೆದುಕೊಂಡು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಹೊರಟ.

"ಏ ಲೊನಿ, ಕೇಳ್ತಿದೀನಲ್ಲ!" ಡಾಕ್ಟರ ದನಿ ಬಾಗಿಲವರೆಗೆ ಅಟ್ಟಿಸಿಕೊಂಡು ಬಂತು.

ಹೊರಗೆ ಅಕ್ಟೋಬರಿನ ಗಾಳಿ. ಅವನು ರಸ್ತೆ ದಾಟಿ ಬಸ್ ನಿಲ್ದಾಣದ ಬೆಂಚಿನ ನಟ್ಟನಡುವೆ ಕಾಲು ಚಾಚಿ ಕೂತ. ಬೀದಿಯ ತುದಿಯಲ್ಲಿ, ಊಟದ ಡಬ್ಬಿ ಹಿಡಿದ ವಾಲ್ಟ್ ಮೂಲೆ ತಿರುಗಿದ್ದು ಕಂಡಿತು. ಲೊನಿ ಕಾಮಿಕ್ಸ್ ಬಿಡಿಸಿ, ಮುಖಪುಟ ಬೀದಿಗೆ ಕಾಣುವ ಹಾಗೆ ಮುಖದ ಮುಂದೆ ಎತ್ತಿ ಹಿಡಿದು, ಮೊದಲ ಪುಟದಿಂದ ಓದತೊಡಗಿದ.