ಹುಲ್ಲಿನ ಮೇಲೆ ಬಿದ್ದ ಕಸ

ಹನ್ನೊಂದು ಮನೆಗಳ ಹನ್ನೊಂದು ನಾಯಿಗಳು ಹುಲ್ಲುಹಾಸಿನ ಮೇಲೆ ಹೇತದ್ದನ್ನು ಎತ್ತುವ ಕೆಲಸ ಸೋಮವಾರ ಬೆಳಿಗ್ಗೆಯಿಂದ ಕಟ್ಟಡದ ತೋಟ ನೋಡಿಕೊಳ್ಳುವ ತೋಟದಕ್ಕನದಾಯಿತು. ಅವಳನ್ನು ಯಾರೂ ಕೇಳಲಿಲ್ಲ.

ಸಂಘದ ಕಾರ್ಯದರ್ಶಿ ಫಲಕಕ್ಕೆ ಹೊಸ ಕಾಗದ ಅಂಟಿಸಿ, ಅವಳನ್ನು ಕರೆದು, ಬೆರಳಿಟ್ಟು ಓದಿ ಹೇಳಿದ: “ಹುಲ್ಲಿನ ಮೇಲೆ ಬಿದ್ದ ಕಸವನ್ನು ಕೂಡಲೇ ಎತ್ತತಕ್ಕದ್ದು.” ಮೂರು ತಿಂಗಳಿಂದ ಆ ಕಟ್ಟಡದಲ್ಲಿ ಇದೇ ರಗಳೆ. ಒಬ್ಬರು ಅದನ್ನು ಪೊಟ್ಟಣ ಕಟ್ಟಿ ಎದುರು ಮನೆಯ ಬಾಗಿಲಲ್ಲಿ ಇಟ್ಟು ಬಂದಿದ್ದರು. ಎದುರು ಮನೆಯವರು ಬಿಚ್ಚಿ ನೋಡಿ, ನಮ್ಮ ನಾಯೀದು ಈ ಬಣ್ಣದ್ದಲ್ಲ ಅಂತ ವಾಪಸು ಕೊಟ್ಟಿದ್ದರು.

“ಇದರಲ್ಲಿ ನಾಯಿ ಎಲ್ಲಿದೆ ಸಾರ್?” ಎಂದಳು ತೋಟದಕ್ಕ.

“ಒಳಾರ್ಥದಲ್ಲಿ ಇದೆಯಮ್ಮಾ. ಕಸ ಅಂದಮೇಲೆ ನಿನ್ನ ಕೆಲಸ ತಾನೇ? ನಾನು ನಾಯಿಹೇಲು ಅಂತಲೇ ಬರೆದಿದ್ದೆ. ಕರಡಿನವರು ತಿದ್ದಿ ಕೊಟ್ಟರು. ಅದನ್ನ ಓದಿದ ಮೇಲೇ ನಮಗೆಲ್ಲ ದಾರಿ ಹೊಳೆದದ್ದು. ಭಾರೀ ತಲೆ ಅವರದು!”

ತೋಟದಕ್ಕನ ಕೈಯ ಪೊರಕೆ ನಿಂತಿತು. ಕಾಗದವನ್ನು ಫಲಕದಿಂದ ಕಿತ್ತುಕೊಂಡವಳೇ ಸೀದಾ ಬೇಲಿ ಬದಿಯ ಕಲ್ಲುಬೆಂಚಿನ ಕಡೆ ನಡೆದಳು.

ಕರಡಿನವರು ಅಲ್ಲಿ ಕೂತು ಪೇಪರ್ ಓದುತ್ತಿದ್ದರು. ಅಚ್ಚುಕೂಟದಲ್ಲಿ ನಲವತ್ತು ವರ್ಷ ಕರಡು ತಿದ್ದಿದ ಮನುಷ್ಯ. ಕಟ್ಟಡದ ಮಕ್ಕಳ ಬಾಯಲ್ಲಿ ಕರಡಿ ತಾತ. ಕಾಲಬುಡದಲ್ಲಿ ಅವರ ಮುದಿ ನಾಯಿ ಕೊಂಬು. ಉಕಾರದ ಕೊಂಬಿನ ಹಾಗೆ ಬಾಲ ಸುತ್ತಿಕೊಂಡಿದ್ದಕ್ಕೆ ಆ ಹೆಸರು. ಎರಡು ವರ್ಷದ ಹಿಂದೆ ಮೆಟ್ಟಿಲ ಮೇಲೆ ಬಿದ್ದಾಗಿನಿಂದ ಯಜಮಾನರ ಮೊಣಕಾಲು ಬಗ್ಗುತ್ತಿರಲಿಲ್ಲ. ಅಂದಿನಿಂದ ಕೊಂಬುವಿನದನ್ನು ತೋಟದಕ್ಕನೇ ಎತ್ತಿ ಗುಂಡಿಗೆ ಹಾಕಿ ಮಣ್ಣು ಮುಚ್ಚುತ್ತಿದ್ದಳು. ಅವರು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಅವಳು ಕಳೆ ಕೀಳುವಾಗ ಅವರು ಪೇಪರಿನ ತಪ್ಪುಗಳನ್ನು ಹುಡುಕಿ ಹುಡುಕಿ ಓದುತ್ತಿದ್ದರು. “ಕೇಳು ತಂಗೀ, ‘ಮಂತ್ರಿಗಳ ಭಾಷಣ’ ಅನ್ನೋ ಕಡೆ ‘ಮಂತ್ರಿಗಳ ಭೂಷಣ’ ಅಂತ ಅಚ್ಚಾಗಿದೆ.” ಅವಳು ನಕ್ಕರೆ ಅವರ ದಿನ ತುಂಬುತ್ತಿತ್ತು.

ಇಂದು ಅವಳು ಕಾಗದವನ್ನು ಅವರ ತೊಡೆಯ ಮೇಲಿಟ್ಟಳು.

“ಅಣ್ಣಾ, ಇದನ್ನ ತಿದ್ದಿದ್ದು ನೀವಾ?”

“ನಾನೇ. ಹೇಲು ಅಂತ ಬರೆದಿದ್ದನಲ್ಲ ಮಹಾರಾಯ! ಹೆಂಗಸರು ಮಕ್ಕಳು ಓದೋ ಫಲಕ. ಕೈ ತಡೀಲಿಲ್ಲ.”

“ಚೆನ್ನಾಗಿ ತಿದ್ದಿದ್ರಿ. ಹೇಲು ಅಂದಿದ್ರೆ ಯಾವ ನಾಯೀದು ಅಂತ ಯಾರಾದ್ರೂ ಕೇಳ್ತಿದ್ರು. ಕಸಕ್ಕೆ ಯಾರಪ್ಪ ಯಜಮಾನ? ಕಸಕ್ಕೆ ನಾನೊಬ್ಬಳೇ. ನಿಮಗೆ ಒಂದು ಪದ ಗಲೀಜು ಕಾಣಿಸ್ತು. ಅದನ್ನ ಅಲ್ಲಿಂದ ತೆಗೆದು ನನ್ನ ಕೈಗೆ ಹಾಕಿದ್ರಿ.”

ಕರಡಿನವರು ಕಾಗದವನ್ನು ಮತ್ತೊಮ್ಮೆ ಓದಿದರು. ನಲವತ್ತು ವರ್ಷದಲ್ಲಿ ಇಷ್ಟು ದೊಡ್ಡ ತಪ್ಪು ಅವರ ಕಣ್ಣು ತಪ್ಪಿಸಿರಲಿಲ್ಲ. ಜೇಬಿನಿಂದ ಪೆನ್ನು ತೆಗೆದು ‘ಕಸವನ್ನು’ ಎಂಬುದನ್ನು ಹೊಡೆದುಹಾಕಿ, ದಪ್ಪಕ್ಷರದಲ್ಲಿ ಬರೆದರು: ‘ನಾಯಿಹೇಲನ್ನು ಆಯಾ ನಾಯಿ ಸಾಕಿದವರೇ’.

ಅಷ್ಟರಲ್ಲಿ ಕಾರ್ಯದರ್ಶಿ ಏದುಸಿರು ಬಿಡುತ್ತಾ ಬಂದ. “ಇದೇನಿದು ಸಾರ್? ಎಲ್ಲರೂ ಒಪ್ಪಿ ಆಗಿದೆ!”

“ನಾನು ಒಪ್ಪಿಲ್ಲ,” ಎಂದಳು ತೋಟದಕ್ಕ. “ಎತ್ತಲ್ಲ.”

“ಓಹೋ! ಇವರ ನಾಯೀದು ದಿನಾ ಎತ್ತೋ ಕೈಗೆ ನಮ್ಮ ನಾಯೀದು ಕಚ್ಚುತ್ತಾ?”

“ಅವರ ಮೊಣಕಾಲು ಬಗ್ಗಲ್ಲ ಸಾರ್. ನಿಮ್ಮದು ಬಗ್ಗುತ್ತೆ. ಬಿದ್ದ ಕಾರಿನ ಕೀಲಿ ಎತ್ತಿಕೊಂಡದ್ದನ್ನ ನಿನ್ನೆ ತಾನೇ ನೋಡಿದೀನಿ.”

ಕರಡಿನವರಿಗೆ ನಗು ಬಂತು. ಕಾರ್ಯದರ್ಶಿಗೆ ಬರಲಿಲ್ಲ. “ಸರಿ, ಕಾನೂನು ಅಂದಮೇಲೆ ಎಲ್ಲರಿಗೂ ಒಂದೇ. ಇನ್ಮೇಲೆ ಇವರದನ್ನೂ ನೀನು ಮುಟ್ಟಬಾರದು. ಎತ್ತೋಕಾಗದಿದ್ದರೆ ನಾಯಿ ಯಾಕೆ ಸಾಕಬೇಕು? ಎಲ್ಲಾದರೂ ಬಿಟ್ಟು ಬರಲಿ.” ಅಂದವನೇ ಬಿರಬಿರನೆ ಹೊರಟುಹೋದ.

ಕೊಂಬು ಎದ್ದು, ಹುಲ್ಲಿನ ನಡುವೆ ಎರಡು ಸುತ್ತು ಸುತ್ತಿ, ತನ್ನ ಕೆಲಸ ಮುಗಿಸಿ ಬಂತು.

“ಅವನ ಬಾಯಿಂದಲೂ ಒಂದು ನ್ಯಾಯದ ಮಾತು ಬಂತು,” ಎಂದರು ಕರಡಿನವರು. “ಇಷ್ಟು ದಿನ ನಿನ್ನ ಕೈಲಿ ಮಾಡಿಸಿದ್ದೇ ತಪ್ಪು. ನೀನು ಇನ್ನು ಮುಟ್ಟಬೇಡ ತಂಗಿ. ನಾನು ಬರೆದದ್ದು ನನಗೂ ಅನ್ವಯಿಸುತ್ತೆ.” ಬೆಂಚಿನ ಅಂಚು ಹಿಡಿದು ಎದ್ದು, ಬೇಲಿಗೆ ಒರಗಿಸಿದ್ದ ಅವಳ ಮೊರವನ್ನು ತಾವೇ ತೆಗೆದುಕೊಂಡು, ಹುಲ್ಲಿನೊಳಕ್ಕೆ ನಾಲ್ಕು ಹೆಜ್ಜೆ ಹಾಕಿದರು. ಬಗ್ಗಲು ನೋಡಿದರು. ಸೊಂಟ ಬಗ್ಗಿತು, ಮೊಣಕಾಲು ಬಗ್ಗಲಿಲ್ಲ. ಗಾಳಿಗೆ ವಾಲಿದ ಕಂಬದ ಹಾಗೆ ಅರ್ಧದಲ್ಲಿ ನಿಂತರು.

ತೋಟದಕ್ಕ ಓಡಿಹೋಗಿ ಅವರ ತೋಳು ಹಿಡಿದು ನೆಟ್ಟಗೆ ನಿಲ್ಲಿಸಿದಳು. ಇನ್ನೊಂದು ಕೈಯಿಂದ ಮೊರ ಕಿತ್ತುಕೊಂಡಳು.

“ಮುಟ್ಟಬೇಡ ಅಂದೆನಲ್ಲ!” ಎಂದು ಗದರಿದರು ಅವರು.

“ಹತ್ತು ನಾಯೀದು ಎತ್ತು ಅಂದ್ರು, ಆಗಲ್ಲ ಅಂದೆ. ಈ ಒಂದನ್ನ ಬಿಡು ಅಂತೀರಿ ನೀವು. ಅದೂ ಆಗಲ್ಲ,” ಎಂದಳು ತೋಟದಕ್ಕ. “ಸರೀರಿ ಪಕ್ಕಕ್ಕೆ.”