ಗಂಡಿನ ಕಡೆಯವರ ಮಾತ್ರೆ

ಧಾರೆ ಮುಗಿಯುವಷ್ಟರಲ್ಲಿ, ನಿಂತು ನಿಂತು ವಧುವಿನ ತಾಯಿಯ ಮಂಡಿ ಹಿಡಿದುಕೊಂಡಿತ್ತು. ವರನ ಸೋದರತ್ತೆ ದಾಕ್ಷಾಯಣಮ್ಮ ಬ್ಯಾಗಿನಿಂದ ನೋವಿನ ಮಾತ್ರೆ ತೆಗೆದುಕೊಟ್ಟರು.

"ಬೇಡಮ್ಮ, ನನಗೆ ಕಿಡ್ನಿ ತೊಂದರೆ ಇದೆ. ಇದನ್ನ ಮುಟ್ಟಲೇಬಾರದು ಅಂದಿದ್ದಾರೆ ಡಾಕ್ಟ್ರು."

"ಈ ಡಾಕ್ಟ್ರುಗಳು ನೀರು ಕುಡಿಯೋದಕ್ಕೂ ಅಳತೆ ಹೇಳ್ತಾರೆ, ಎಲ್ಲಾ ಕೇಳೋಕಾಗುತ್ತಾ? ಹೆಣ್ಣಿನ ಕಡೆಯವರು ಇಷ್ಟು ಪುಕ್ಕಲಾದ್ರೆ ಹೇಗ್ರೀ! ನಮ್ಮೆಜಮಾನ್ರು ಸೊಂಟನೋವಿಗೆ ವರ್ಷಗಟ್ಟಲೆಯಿಂದ ಇದನ್ನೇ ನುಂಗ್ತಿದ್ದಾರೆ. ದಿನಾ ಕಾಫಿ ಜೊತೆ ನಾನೇ ಕೊಡ್ತೀನಿ. ಒಂದು ದಿನ ಸೊಂಟ ಹಿಡ್ಕೊಂಡು ಕೂತಿಲ್ಲ, ಗುಂಡುಕಲ್ಲಿನ ಹಾಗಿದ್ದಾರೆ!"

ಗಂಡಿನ ಕಡೆಯವರ ಮಾತು ಮೀರಲಾರದೆ ಆಕೆ ಮಾತ್ರೆ ನುಂಗಿದರು.

ದಾಕ್ಷಾಯಣಮ್ಮ ತೃಪ್ತಿಯಿಂದ ಬ್ಯಾಗಿನ ಜಿಪ್ಪು ಎಳೆದರು. "ಮೊದಲನೇ ಪಂಕ್ತೀಲೇ ನಮ್ಮೆಜಮಾನ್ರಿಗೆ ಎಲೆ ಹಾಕ್ಸಿಬಿಡಿ. ಊಟ ಆದ ತಕ್ಷಣ ಅವರನ್ನ ಡಯಾಲಿಸಿಸ್‌ಗೆ ಕರ್ಕೊಂಡು ಹೋಗ್ಬೇಕು."