ಮುಖಕ್ಕೆ ಟವೆಲ್

ಕಾಲೇಜಿನ ಅಡ್ಮಿಶನ್ ಆಫೀಸಿನಲ್ಲಿ ಏಣಿ ಹತ್ತಿ ಬಣ್ಣ ಬಳಿಯುತ್ತಿದ್ದವನಿಗೆ ಸಾಹೇಬರು ಬೆಳಿಗ್ಗೆಯೇ ಹೇಳಿದ್ದರು: "ಮುಖಕ್ಕೆ ಟವೆಲ್ ಸುತ್ಕೊಳ್ಳೋ, ಪೇಂಟ್ ವಾಸನೆ ಎದೆಗೆ ಒಳ್ಳೇದಲ್ಲ." ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನ ಎದೆಯ ಬಗ್ಗೆ ಅಲ್ಲಿಯವರೆಗೆ ಯಾರೂ ಇಷ್ಟು ಯೋಚಿಸಿರಲಿಲ್ಲ.

ಕೆಳಗೆ ಒಬ್ಬ ತಂದೆ ಮಗಳೊಂದಿಗೆ ಬಂದು ಕೂತಿದ್ದ. ಸರ್ಕಾರಿ ಕಾಲೇಜಿನಲ್ಲಿ ಸಿಕ್ಕ ಸೀಟು ಬಿಡಿಸಿ ಅವಳನ್ನು ಇಲ್ಲಿಗೆ ಸೇರಿಸಬೇಕೋ ಬೇಡವೋ ಎಂಬ ಸಂಕಟ ಅವನದು.

"ಇಲ್ಲಿ ಓದಿದ್ರೆ ಕೆಲ್ಸ ಸಿಗ್ತದಾ ಸಾರ್?"

"ಏನ್ ಯಜಮಾನ್ರೇ, ಹಿಂಗ್ ಕೇಳ್ತೀರಾ! ಬಾಗಿಲ ಮೇಲಿರೋ ಫೋಟೋ ನೋಡಿ. ಕರಿ ಗೌನು, ಟೋಪಿ ಹಾಕ್ಕೊಂಡು ನಗ್ತಿದಾನಲ್ಲ, ನಮ್ಮ ಹುಡುಗನೇ. ಓದು ಮುಗಿಯೋಕೆ ಮುಂಚೆನೇ ಕಂಪನಿಯೋರು ಹಾರಿಸ್ಕೊಂಡು ಹೋದ್ರು."

"ಆ ಸೀಟು ಬಿಟ್ಬಿಡು ಮಗಾ," ಎಂದ ತಂದೆ.

ಏಣಿಯ ಮೇಲಿದ್ದವನೂ ಕತ್ತು ಹೊರಳಿಸಿ ಫೋಟೋ ನೋಡಿದ. ಬ್ರಶ್ಶು ಗೋಡೆಯ ಮೇಲೇ ನಿಂತಿತು.

"ಈಗೆಲ್ಲಿದಾನೆ ಸಾರ್ ಆ ಹುಡುಗ?" ಎಂದು ತಂದೆ ಕೇಳಿದ.

ಸಾಹೇಬರು ಬಾಯಿ ತೆರೆಯುವಷ್ಟರಲ್ಲಿ ಅವನು ಕೆಳಗಿಳಿದು ಟವೆಲ್ ಬಿಚ್ಚಿದ.

"ಇಲ್ಲೇ ಇದೀನಿ ಯಜಮಾನ್ರೇ. ಹೋದ ವರ್ಷ ಹಾಸ್ಟೆಲ್ಲಿಗೆ ಸುಣ್ಣ ಹೊಡೀತಿದ್ದಾಗ ಕರ್ದು ಗೌನ್ ಹಾಕ್ಸಿದ್ರು."